ಲೀಬೆರನಿಗೆ ಸಲ್ಲಬೇಕಿದ್ದ ದಿನ

ವಿಲ್ಮಾರ್ ಓಲಿವೆರಾ ಎಂಬ ಹೆಸರು ನೊಯೆಲಿಯಾಳಿಗೆ ಮೂರು ವರ್ಷದಿಂದ ಗೊತ್ತಿತ್ತು. ಮುಖ ನೋಡಿದ್ದು ಜೂನ್ ತಿಂಗಳ ಒಂದು ಸೋಮವಾರ.

ಜೈಲಿನಿಂದ ಹೊರಬಂದವರಿಗೆ ಕೆಲಸ ಹುಡುಕಿಕೊಡುವ ಕಚೇರಿಯಲ್ಲಿ ಅವಳದು ಕಿಟಕಿ ಪಕ್ಕದ ಮೇಜು. ಮೊಂತೆವಿದೆಯೊದ ಹಳೆಯ ಪೇಟೆಯ ಕಟ್ಟಡ ಅದು. ಅಲ್ಲಿ ಜೂನ್ ಎಂದರೆ ಚಳಿಗಾಲ, ಬಂದರಿನ ಗಾಳಿ ಕಾಗದಗಳನ್ನೆಲ್ಲ ಎಬ್ಬಿಸುತ್ತಿತ್ತು. ವಿಲ್ಮಾರ್ ಎದುರಿನ ಕುರ್ಚಿಯಲ್ಲಿ ತುದಿಗೆ ಕೂತ. ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡ. ನಲವತ್ತರ ಆಸುಪಾಸು, ತೆಳ್ಳಗೆ, ಕಿವಿಯ ಮೇಲೆ ನರೆ. ಗೋದಾಮಿನಿಂದ ತಾಮ್ರದ ತಂತಿ ಕದ್ದು ಎರಡು ವರ್ಷ ಒಳಗಿದ್ದ. ಬಿಡುಗಡೆಯ ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಅವಳ ಕಡೆ ಚಾಚಿದ.

ಯಾವ ಕೆಲಸ ಬರುತ್ತದೆ ಎಂದು ಅವಳು ಕೇಳಿದಳು.

"ಗಾರೆ ಕೆಲಸ, ಸೆನ್ಯೋರಾ. ಸಾರುವೆ ಕಟ್ತೀನಿ, ಸೆಂಟ್ರಿಂಗ್ ಗೊತ್ತು."

ಮೊದಲು ಯಾರ ಹತ್ತಿರ ಮಾಡುತ್ತಿದ್ದಿರಿ ಎಂದಳು. ಅಲ್ಲಿ ಇಲ್ಲಿ ಎಂದ. ಅವಳು 'ಅಲ್ಲಿ ಇಲ್ಲಿ' ಎಂದೇ ಬರೆದುಕೊಂಡಳು.

ಮೂರು ವರ್ಷದ ಹಿಂದೆ ಇದೇ ಮನುಷ್ಯ ಒಂದು ಹೇಳಿಕೆಗೆ ಸಹಿ ಹಾಕಿದ್ದ. ಏಳು ಸಾಲು. ಆ ಏಳು ಸಾಲು ಅವಳಿಗೆ ಬಾಯಿಪಾಠ. ಸತ್ತ ವ್ಯಕ್ತಿ ನಮ್ಮಲ್ಲಿ ಕೆಲಸಕ್ಕಿರಲಿಲ್ಲ, ದಾರಿಹೋಕ, ಕುಡಿದು ಒಳಗೆ ನುಗ್ಗಿ ಸಾರುವೆ ಹತ್ತಿದ್ದಿರಬೇಕು, ನಾನು ನೋಡಿದಾಗ ಬಿದ್ದಿದ್ದ.

ಆ ದಾರಿಹೋಕ ಅವಳ ಗಂಡ ಲೀಬೆರ್.

ಕಟ್ಟಡದ ಗುತ್ತಿಗೆದಾರ ಇಸಿದ್ರೊ ಲಾರೋಸಾ ಅವನನ್ನು ಕೆಲಸಕ್ಕೆ ತೆಗೆದುಕೊಂಡು ಮೂರು ವಾರವಾಗಿತ್ತು, ಹಾಜರಿಪುಸ್ತಕದಲ್ಲಿ ಹೆಸರಿರಲಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ಗಾರೆಯವರು ಕೆಲಸ ಮಾಡುವುದಿಲ್ಲ, ಅವರ ಕಾರ್ಮಿಕ ಸಂಘ ಬಿಡುವುದಿಲ್ಲ. ಆದ್ದರಿಂದ ಲಾರೋಸಾ ಇಬ್ಬರನ್ನು ಮಾತ್ರ ಗುಟ್ಟಾಗಿ ಕರೆಸಿಕೊಂಡಿದ್ದ. ಅವತ್ತು ಅಲ್ಲಿದ್ದವರು ಮೂವರು. ಒಬ್ಬ ಸತ್ತ, ಒಬ್ಬ ಹೇಳಿಕೆ ಬರೆಸಿದ, ಒಬ್ಬ ಸಹಿ ಹಾಕಿದ. ಲೀಬೆರನ ಅಂಗಿ ಮನೆಗೆ ಬಂದಾಗ ಅದರಲ್ಲಿ ಸಾರಾಯಿ ವಾಸನೆಯಿತ್ತು. ಅವನು ಕುಡಿಯುವವನಲ್ಲ ಎಂದು ನೊಯೆಲಿಯಾ ಹೇಳಿದಳು. ಎಲ್ಲ ಹೆಂಡತಿಯರೂ ಹಾಗೇ ಹೇಳುತ್ತಾರೆ ಎಂದರು ಪೊಲೀಸರು.

ಆ ದೇಶದಲ್ಲಿ ಒಂದು ಪದ್ಧತಿಯಿದೆ. ಗಾರೆಯವನೊಬ್ಬ ಕೆಲಸದಲ್ಲಿ ಸತ್ತರೆ ಸುದ್ದಿ ಕೇಳಿದ ತಂಡ ಆ ಗಳಿಗೆಯಲ್ಲೇ ಕೆಲಸ ಬಿಟ್ಟಿಳಿಯುತ್ತದೆ, ಮಾರನೆಯ ದಿನ ದೇಶದ ಯಾವ ಮೂಲೆಯಲ್ಲೂ ಒಂದು ಕರಣೆ ಏಳುವುದಿಲ್ಲ. ಕ್ರೇನುಗಳು ನಿಂತಲ್ಲೇ ನಿಲ್ಲುತ್ತವೆ. ಮಂತ್ರಿಯ ಮನೆಯಾಗಲಿ, ಬಡವರ ವಠಾರವಾಗಲಿ, ಆ ದಿನ ಇಟ್ಟಿಗೆಯ ಮೇಲೆ ಇಟ್ಟಿಗೆ ಕೂರುವುದಿಲ್ಲ. ಸತ್ತವನು ಯಾರೆಂದು ತಿಳಿಯದವರೂ ಟೋಪಿ ತೆಗೆದು ಮನೆಗೆ ಹೋಗುತ್ತಾರೆ. ಅದು ಸತ್ತವನಿಗೆ ಸಲ್ಲುವ ದಿನ. ಲೀಬೆರ್ ಅಂಥ ನಾಲ್ಕು ದಿನ ಬೇರೆಯವರಿಗಾಗಿ ಕೆಲಸ ನಿಲ್ಲಿಸಿದ್ದ. ಅವನನ್ನು ಹೂಳಿದ ದಿನ ಸ್ಮಶಾನದ ಗೋಡೆಯಾಚೆ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿತ್ತು. ನೊಯೆಲಿಯಾ ಅಳಲಿಲ್ಲ. ಆ ಸದ್ದು ಕೇಳುತ್ತ ನಿಂತಿದ್ದಳು. ಅಂದಿನಿಂದ ಅವಳಿಗೆ ಬೇಕಾದದ್ದು ಎರಡೇ: ಆ ದಿನ, ಮತ್ತು ಅದನ್ನು ಕದ್ದವರು.

ಸರ್ಕಾರಿ ಕಟ್ಟಡ ಕಟ್ಟುವ ಗುತ್ತಿಗೆದಾರರು ಜೈಲಿನಿಂದ ಬಂದವರಲ್ಲಿ ಕೆಲವರನ್ನು ತೆಗೆದುಕೊಳ್ಳಲೇಬೇಕು. ಯಾರು ಎಲ್ಲಿಗೆ ಎಂಬುದನ್ನು ಎಲ್ಲರೆದುರು ಚೀಟಿ ಎತ್ತಿ ತೀರ್ಮಾನಿಸುವುದು ನಿಯಮ. ಆ ವಾರ ಸೆರ್ರೊ ಬೆಟ್ಟದ ಬಡಾವಣೆಯಲ್ಲಿ ಆಸ್ಪತ್ರೆ ಕಟ್ಟುತ್ತಿದ್ದ ಲಾರೋಸಾ ಮೂವರನ್ನು ಕೇಳಿದ್ದ. ಆ ವಾರ ನೊಯೆಲಿಯಾ ಎರಡೇ ಚೀಟಿ ಎತ್ತಿದಳು. ಮೂರನೆಯ ಹೆಸರನ್ನು ಎಲ್ಲರೂ ಎದ್ದುಹೋದ ಮೇಲೆ ತಾನೇ ಬರೆದಳು.

ಅವಳ ಎಣಿಕೆ ಇಷ್ಟು. ಲಾರೋಸಾ ವಿಲ್ಮಾರನನ್ನು ಕಂಡು ಬೆಚ್ಚುತ್ತಾನೆ. ಅವನನ್ನು ಓಡಿಸುತ್ತಾನೆ. ಓಡಿಸಬೇಕಾದರೆ ಕಾರಣವನ್ನು ಬರೆದುಕೊಡಬೇಕು. ಇತ್ತ ಜೈಲಿನಿಂದ ಬಂದು ಮತ್ತೆ ಬೀದಿಗೆ ಬಿದ್ದ ವಿಲ್ಮಾರ್ ಸಿಟ್ಟಿಗೆ ಬಾಯಿ ಬಿಡುತ್ತಾನೆ. ನೊಯೆಲಿಯಾಳನ್ನು ಇಬ್ಬರೂ ಕಂಡವರಲ್ಲ. ವಿಚಾರಣೆಗೆ ಲಾರೋಸಾ ತನ್ನ ಗುಮಾಸ್ತನನ್ನು ಕಳಿಸಿದ್ದ, ವಿಲ್ಮಾರ್ ಕಾಗದ ಕಳಿಸಿದ್ದ. ಅಲ್ಲಿ ಹೆಂಗಸರು ಗಂಡನ ಮನೆತನದ ಹೆಸರಿಟ್ಟುಕೊಳ್ಳುವುದೂ ಇಲ್ಲ. ಅವಳು ಅವರಿಬ್ಬರಿಗೂ ಬರೇ ಕಚೇರಿಯ ಸೆನ್ಯೋರಾ ಬರಾಸಾ.

ತಿಂಗಳು ಕಳೆದರೂ ಲಾರೋಸಾನ ಕಾಗದ ಬರಲಿಲ್ಲ. ಕೆಲಸಕ್ಕೆ ಹಚ್ಚಿದವರನ್ನು ಹೋಗಿ ನೋಡುವುದು ಅವಳ ಕರ್ತವ್ಯ. ಜುಲೈ ಕೊನೆಯಲ್ಲಿ ಬಸ್ಸು ಹತ್ತಿ ಸೆರ್ರೊಗೆ ಹೋದಳು.

ಪಟ್ಟಿಯಿಂದ ಹೋದ ಇನ್ನಿಬ್ಬರು ತಳಪಾಯದ ನೀರಿನಲ್ಲಿ ಮೊಣಕಾಲವರೆಗೆ ನಿಂತು ಕಬ್ಬಿಣ ಕಟ್ಟುತ್ತಿದ್ದರು. ವಿಲ್ಮಾರ್ ಕಾವಲುಗಾರನ ಗೂಡಿನಲ್ಲಿದ್ದ. ಗೂಡಿಗೆ ಗಾಜಿನ ಕಿಟಕಿ. ಕಾಲ ಬಳಿ ವಿದ್ಯುತ್ ಒಲೆ. ಮೈಮೇಲೆ ಹೊಸ ಕೋಟು. ಪಕ್ಕದಲ್ಲಿ ಲಾರೋಸಾ ಕೂತು ಮಾತೆ ಎಂಬ ಕಹಿಚಹಾದ ಸೋರೆಬುರುಡೆಗೆ ಬಿಸಿನೀರು ಹುಯ್ಯುತ್ತಿದ್ದ. ಒಂದೇ ಬುರುಡೆ, ಒಂದೇ ಕೊಳವೆ. ಒಮ್ಮೆ ಅವನು ಹೀರುತ್ತಿದ್ದ, ಒಮ್ಮೆ ಇವನು.

"ಬನ್ನಿ ಸೆನ್ಯೋರಾ," ಎಂದು ಲಾರೋಸಾ ಎದ್ದು ನಿಂತ. ದಪ್ಪ ಆಳು, ನಗುಮುಖ, ಮಡಿಕೆ ಮುರಿಯದ ಪ್ಯಾಂಟು. "ಎಲ್ಲಿಂದ ಹಿಡ್ಕೊಂಡು ಬಂದ್ರಿ ಇವನನ್ನ? ಬಂಗಾರದಂಥ ಮನುಷ್ಯ. ಕಳ್ಳನ್ನೇ ಕಾವಲಿಗೆ ಕೂರಿಸಿದ್ರೆ ಬೇರೆ ಕಳ್ಳರು ನಾಚ್ಕೊಂಡು ಈ ಕಡೆ ತಲೆ ಹಾಕಲ್ಲ ನೋಡಿ. ಇಂಥವರು ಇನ್ನೂ ನಾಲ್ಕು ಜನ ಇದ್ರೆ ಕಳಿಸಿ."

ವಿಲ್ಮಾರ್ ನಕ್ಕ. ನೆಲ ನೋಡಿ ನಕ್ಕ.

ನಾಯಿ ಬೊಗಳದಂತೆ ಮಾಡಲು ಎರಡು ದಾರಿಯಿವೆ, ಕಲ್ಲು ಮತ್ತು ರೊಟ್ಟಿ. ನೊಯೆಲಿಯಾ ಕಲ್ಲನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದಳು. ತಾನಾಗಿ ಕೈಗೆ ಸಿಕ್ಕ ಸಾಕ್ಷಿಯನ್ನು, ಕಾಗದಕ್ಕೆ ಮೊಹರು ಹೊಡೆದು, ತನ್ನ ಕೈಯಾರೆ ಲಾರೋಸಾನ ಮಡಿಲಿಗೆ ಹಾಕಿದ್ದಳು. ಅವಳು ನಮೂನೆಯಲ್ಲಿ 'ತೃಪ್ತಿಕರ' ಎಂದು ಬರೆದು ಇಬ್ಬರ ಸಹಿಯನ್ನೂ ಪಡೆದಳು. ಲಾರೋಸಾ ಸಹಿಯ ಕೆಳಗೆ ಎರಡು ಗೆರೆ ಎಳೆದ.

ಹೊರಗೆ ಹನ್ನೆರಡರ ಸೀಟಿಯಾಯಿತು. ಹಳೆಯ ಕೈಗಾಡಿಯೊಂದರಲ್ಲಿ ಕೆಂಡ ಮಾಡಿ ಮೇಲೆ ಕಬ್ಬಿಣದ ಜಾಲರಿ ಇಟ್ಟಿದ್ದರು. ಕೆಲಸದವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮಾಂಸದ ತುಂಡು, ಸಾಸೇಜು ಅದರ ಮೇಲಿಟ್ಟು ಸುತ್ತ ಕೂತರು. ಇಡುವಾಗ ನನ್ನದು ನಿನ್ನದು. ತಿನ್ನುವಾಗ ಎಲ್ಲ ಎಲ್ಲರದು. ನೀರಿನಲ್ಲಿ ನಿಂತಿದ್ದ ಆ ಇಬ್ಬರಿಗೂ ಜಾಗ ಮಾಡಿಕೊಟ್ಟರು. ಯಾವ ಕೆಲಸದಲ್ಲೇ ಆಗಲಿ, ಆ ಬೆಂಕಿಯ ಸುತ್ತ ಕರೆಸಿಕೊಂಡವನು ಮಾತ್ರ ತಂಡದವನು. ಉಳಿದವನು ಹಾಜರಿಪುಸ್ತಕದಲ್ಲಿದ್ದರೂ ಹೊರಗಿನವನೇ. ಲೀಬೆರ್ ಹೊಸ ಕೆಲಸಕ್ಕೆ ಹೋದ ದಿನ ಮನೆಗೆ ಬಂದು ಮೊದಲು ಹೇಳುತ್ತಿದ್ದದ್ದು ಸಂಬಳವಲ್ಲ, ಬೆಂಕಿಯ ಹತ್ತಿರ ಯಾರ ಪಕ್ಕ ಕೂತೆ ಎಂಬುದು.

ವಿಲ್ಮಾರನೂ ಗೂಡಿನಿಂದ ಬಂದು ಎರಡು ಸಾಸೇಜು ಇಟ್ಟ. ಯಾರೋ ಸರಿದು ಕೂತು ಜಾಗ ಕೊಟ್ಟರು. ಅವನ ಮುಖ ಸಡಿಲವಾಯಿತು. ಎರಡು ವರ್ಷ ಗೋಡೆ ನೋಡಿ ಉಂಡವನ ಮುಖ. ನೊಯೆಲಿಯಾ ಅದನ್ನು ಬಹಳ ಹೊತ್ತು ನೋಡಿದಳು.

ಸಂಘದ ಪರವಾಗಿ ಆ ಕೆಲಸದವರು ಆರಿಸಿಕೊಂಡ ಮುಖಂಡ ರುಪೆರ್ತೊ. ಅರವತ್ತು ದಾಟಿದ ಮೇಸ್ತ್ರಿ, ಎಡಗೈಯಲ್ಲಿ ಎರಡು ಬೆರಳಿಲ್ಲ. ಊಟವಾದ ಮೇಲೆ ನೊಯೆಲಿಯಾ ಅವನನ್ನು ಇಟ್ಟಿಗೆ ರಾಶಿಯ ಹಿಂದೆ ಕರೆದು ತಾನು ಯಾರೆಂದು ಹೇಳಿದಳು. ಲೀಬೆರ್, ಆ ಶನಿವಾರ, ಏಳು ಸಾಲು. ಬೇರೇನನ್ನೂ ಸೇರಿಸಲಿಲ್ಲ.

ರುಪೆರ್ತೊ ತಂಬಾಕು ಸುತ್ತುತ್ತ ಕೇಳಿದ. ಸುತ್ತಿದ್ದನ್ನು ಹಚ್ಚಲಿಲ್ಲ.

"ಒಬ್ಬ ಸತ್ತ ಅಂತ ಕೆಲಸ ನಿಲ್ಲಿಸೋದಕ್ಕೆ ನನಗೊಂದು ಬಾಯಿ ಬೇಕು ಮಗಳೇ. ಕಣ್ಣಾರೆ ಕಂಡ ಬಾಯಿ. ಆ ಬಾಯಿಗೆ ಲಾರೋಸಾ ದಿನಾ ಬಿಸಿನೀರು ಹುಯ್ತಾ ಕೂತಿದಾನೆ."

"ಗೊತ್ತು. ವಿಲ್ಮಾರನಿಗೆ ಬೆಂಕಿ ಹತ್ರ ಜಾಗ ಕೊಡಬೇಡಿ."

ಅವನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಬೈಯಬೇಡಿ, ಮುಟ್ಟಬೇಡಿ, ಕಾರಣ ಹೇಳಬೇಡಿ. ಅವನಿಟ್ಟ ಮಾಂಸವನ್ನು ತೆಗೆದು ಅವನ ತಟ್ಟೆಗೆ ಹಾಕಿ. ಅವನ ಕೈಯಿಂದ ಮಾತೆ ತೆಗೆದುಕೊಳ್ಳಬೇಡಿ. ಮಾತಾಡಿಸಿದರೆ ಹೂಂ ಅನ್ನಿ.

ರುಪೆರ್ತೊ ಅವಳನ್ನೇ ನೋಡಿದ. "ಜೈಲಿಂದ ಬಂದೋನಿಗೆ ಅದೊಂದು ಮಾಡಬಾರದಮ್ಮ. ಹೊಡೆದ್ರೂ ತಡ್ಕೋತಾನೆ, ಅದು ತಡ್ಕೊಳ್ಳಲ್ಲ."

"ಅದಕ್ಕೇ ಹೇಳ್ತಿದೀನಿ," ಎಂದಳು ನೊಯೆಲಿಯಾ.

ಅವನು ಒಪ್ಪಿದೆನೆಂದು ಹೇಳಲಿಲ್ಲ. ಆದರೆ ಮುಂದಿನ ವಾರ ಪಟ್ಟಿಯಿಂದ ಹೋದ ಆ ಇಬ್ಬರಲ್ಲಿ ಹಿರಿಯವನು ಯಾವುದೋ ಸಹಿಗೆಂದು ಕಚೇರಿಗೆ ಬಂದಾಗ ವಿಷಯ ತಾನಾಗಿ ಹೊರಬಿತ್ತು. ಕಾವಲಿನವನನ್ನು ಯಾರೂ ಸೇರಿಸುವುದಿಲ್ಲವಂತೆ. ಅವನು ಬಂದು ಕೂತರೆ ಪಕ್ಕದವನು ಎದ್ದು ಆಚೆ ಕೂರುತ್ತಾನಂತೆ. ಯಾಕೆಂದು ತನಗೆ ಗೊತ್ತಿಲ್ಲ, ಮುದುಕ ಮೇಸ್ತ್ರಿ ಹೇಳಿದ, ಮಾಡುತ್ತಿದ್ದೇವೆ. ನೋಡಲು ಚೆನ್ನಾಗಿಲ್ಲ ಎಂದೂ ಅಂದ. ನೊಯೆಲಿಯಾ ಸಹಿ ಮಾಡಬೇಕಾದ ಜಾಗ ತೋರಿಸಿದಳು.

ಆ ವಾರಗಳಲ್ಲಿ ಅವಳಿಗೆ ಊಟ ರುಚಿಸಿತು. ಮೂರು ವರ್ಷದ ಮೇಲೆ ಒಂದು ರಾತ್ರಿ ಉಪ್ಪು ಕಡಿಮೆಯಾಗಿದೆ ಎಂದು ಗೊತ್ತಾಯಿತು, ಎದ್ದು ಹಾಕಿಕೊಂಡಳು.

ಆಗಸ್ಟ್ ಮಧ್ಯದಲ್ಲಿ ವಿಲ್ಮಾರ್ ಬಂದ. ಕೋಟು ಹೊಸದೇ, ಆದರೆ ಗಡ್ಡ ಬೋಳಿಸಿರಲಿಲ್ಲ. ಬೇರೆ ಕಡೆ ಕೆಲಸ ಕೊಡಿ ಎಂದು ಕೇಳಿದ. ಇರುವ ಕೆಲಸಕ್ಕೇನು, ಕೂತು ತಿನ್ನುವ ಕೆಲಸವಲ್ಲವೇ ಎಂದಳು. ಅದು ಸರಿ ಎಂದ. ದೊನ್ ಇಸಿದ್ರೊ ಒಳ್ಳೆಯವರು ಎಂದು ಲಾರೋಸಾನನ್ನು ಹೊಗಳಿದ. ಆಮೇಲೆ ಸ್ವಲ್ಪ ಹೊತ್ತು ಟೋಪಿ ತಿರುಗಿಸಿದ.

"ಒಳಗಿದ್ದಾಗ ಬೈತಿದ್ರು ಸೆನ್ಯೋರಾ. ತಟ್ಟೆ ಕಿತ್ಕೋತಿದ್ರು. ಅದು ಪರವಾಗಿಲ್ಲ, ಕಿತ್ಕೋಬೇಕಾದ್ರೆ ನೀನಿದ್ದೀಯ ಅಂತ ಆಯ್ತಲ್ಲ. ಇಲ್ಲಿ ನನ್ನ ಸಾಸೇಜು ತೆಗೆದು ಮರ್ಯಾದೆಯಿಂದ ನನ್ನ ತಟ್ಟೆಗೆ ಹಾಕ್ತಾರೆ. ನಾನೇನು ಮಾಡಿದೆ ಇವರಿಗೆ?"

"ಅವರಿಗೆ ಏನೂ ಮಾಡಿಲ್ಲ."

ಅವಳು ಮೇಜಿನ ಖಾನೆ ತೆಗೆದು ಒಂದು ಕಾಗದವನ್ನು ಅವನ ಮುಂದಿಟ್ಟಳು. ಅವನು ಓದಲು ಶುರುಮಾಡಿ ತನ್ನ ಸಹಿಯವರೆಗೆ ಹೋದ. ಮತ್ತೆ ಮೇಲಿಂದ ಓದಿದ. ಓದುವುದು ನಿಧಾನ.

"ನೀವು ಅವನಿಗೆ ಏನಾಗಬೇಕು?"

"ಹೆಂಡತಿ."

ವಿಲ್ಮಾರ್ ಎದ್ದು ಹೋಗುತ್ತಾನೆಂದು ಅವಳು ಅಂದುಕೊಂಡಳು. ಅವನು ಹೋಗಲಿಲ್ಲ. ಅವಳು ಕೇಳದಿದ್ದರೂ ಹೇಳತೊಡಗಿದ. ಬಿದ್ದ ಕೂಡಲೇ ಸಾಯಲಿಲ್ಲ. ಸೊಂಟಕ್ಕೆ ಹಗ್ಗ ಇರಲಿಲ್ಲ, ಕೇಳಿದ್ದಕ್ಕೆ ಸೋಮವಾರ ತರಿಸುತ್ತೇನೆ ಅಂದಿದ್ದರು. ದೊನ್ ಇಸಿದ್ರೊ ಆಂಬುಲೆನ್ಸಿಗೆ ಫೋನು ಮಾಡಲು ಬಿಡಲಿಲ್ಲ, ಮೊದಲು ಮೊಳೆಚೀಲ ಬಿಚ್ಚು, ಶಿರಸ್ತ್ರಾಣ ತೆಗೆ ಅಂದರು. ತಾನು ಬಿಚ್ಚಿದೆ. ಆಮೇಲೆ ಕಾರಿನಿಂದ ಒಂದು ಬಾಟಲಿ ತಂದರು.

"ಅಂಗಿ ಮೇಲೆ ಹುಯ್ಯೋವಾಗ ಅವನಿಗೆ ನೀರು ಅನ್ನಿಸ್ತೋ ಏನೋ ಸೆನ್ಯೋರಾ. ಬಾಯಿ ತೆರೆದ."

ಕಿಟಕಿಯಾಚೆ ಬಂದರಿನ ಹಡಗೊಂದು ಕೂಗಿತು. ತನ್ನ ಮಗಳಿಗೆ ಆಗ ಕಾಯಿಲೆಯಿತ್ತು, ಕೆಲಸ ಹೋದರೆ ಎಂದು ಹೆದರಿದೆ, ಎಂದು ಅವನು ಏನೇನೋ ಹೇಳುತ್ತಿದ್ದ. ಅದು ಅವಳ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೂ ಒಳಗೆ ಹೋಗುತ್ತಿರಲಿಲ್ಲ.

"ಇದನ್ನ ನನಗಲ್ಲ, ಅವರಿಗೆ ಹೇಳಿ," ಎಂದಳು. "ರುಪೆರ್ತೊ ಮುಂದೆ. ಮೇಲಿನ ತಾರಸಿಗೆ ಮೋಲ್ಡ್ ಹಾಕೋ ದಿನ. ಅರ್ಧ ಆದಮೇಲೆ."

ಹೇಳಿದರೆ ತನಗೇನಾಗುತ್ತದೆ ಎಂದು ಕೇಳಿದ.

"ಸುಳ್ಳು ಸಾಕ್ಷಿಗೆ ಮತ್ತೆ ಒಳಗೆ ಹೋಗ್ತೀರಿ."

"ಹೇಳದಿದ್ರೆ?"

"ಹೊರಗೇ ಇರ್ತೀರಿ. ಈಗ ಹೇಗಿದ್ದೀರೋ ಹಾಗೆ."

ಅವನು ಟೋಪಿ ಹಾಕಿಕೊಂಡು ಹೋದ. ಬೇರೆ ಕೆಲಸದ ಮಾತು ಮತ್ತೆ ಎತ್ತಲಿಲ್ಲ.

ಅರ್ಧ ಆದಮೇಲೆ ಎಂದು ಅವಳು ಹೇಳಿದ್ದು ಬಾಯಿಗೆ ಬಂದ ಮಾತಲ್ಲ. ಮೂರು ವರ್ಷ ಇದನ್ನೇ ಅರೆದಿದ್ದಳು. ಮೋಲ್ಡ್ ಶುರುವಾದರೆ ಅಪ್ಪ ಸತ್ತರೂ ಇಳಿಯುವಂತಿಲ್ಲ ಎಂದು ಲೀಬೆರ್ ಹೇಳುತ್ತಿದ್ದ. ನಡುವೆ ನಿಲ್ಲಿಸಿದರೆ ಹಳೆಯ ಕಾಂಕ್ರೀಟಿಗೂ ಹೊಸದಕ್ಕೂ ಬೆಸುಗೆಯಾಗುವುದಿಲ್ಲ. ಆ ಗೆರೆಯಲ್ಲಿ ಇಂದಲ್ಲ ನಾಳೆ ಬಿರುಕು. ಸರ್ಕಾರಿ ಎಂಜಿನಿಯರ್ ಅಂಥ ತಾರಸಿಯನ್ನು ಒಪ್ಪುವುದಿಲ್ಲ, ಪೂರ್ತಿ ಒಡೆಸುತ್ತಾನೆ. ಗಾರೆಯವರಿಗೆ ಎರಡು ನಿಯಮ. ಸಾವಿಗೆ ಎಲ್ಲ ನಿಲ್ಲಬೇಕು. ಮೋಲ್ಡ್ ಯಾವುದಕ್ಕೂ ನಿಲ್ಲಬಾರದು. ಎರಡೂ ಒಂದೇ ದಿನ ಎದುರಾದರೆ ಯಾವುದು ದೊಡ್ಡದು ಎಂಬುದನ್ನು ಯಾರೂ ಕಂಡವರಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಸೆಪ್ಟೆಂಬರ್ ಹತ್ತೊಂಬತ್ತರಂದು ಮೋಲ್ಡ್ ಹಾಕಿದರು. ಬೆಳಗಿನ ಏಳಕ್ಕೆ ಮೊದಲ ಕಾಂಕ್ರೀಟ್ ಲಾರಿ ಬಂತು. ಅಲ್ಲಿಯ ಸಂಪ್ರದಾಯದಂತೆ ತಾರಸಿ ಹಾಕುವ ದಿನ ಮಾಂಸ ಯಜಮಾನನದು. ಲಾರೋಸಾ ಪಕ್ಕೆಲುಬಿನ ದೊಡ್ಡ ದೊಡ್ಡ ಹಲಗೆಗಳನ್ನೇ ತರಿಸಿದ್ದ. ತಾರಸಿ ಮುಗಿದ ಗುರುತಿಗೆ ಸಾರುವೆಯ ತುದಿಗೆ ಕಟ್ಟಲು ನೀಲಗಿರಿಯ ಹಸಿ ಕೊಂಬೆಯೊಂದು ಸಿದ್ಧವಾಗಿತ್ತು. ನೊಯೆಲಿಯಾ ಎದುರಿನ ಕಾಲುದಾರಿಯಲ್ಲಿ ನಿಂತಿದ್ದಳು. ಅಲ್ಲಿಂದ ಬೆಟ್ಟದಿಳಿಜಾರು, ಕೆಳಗೆ ಕಂದು ನೀರಿನ ಕೊಲ್ಲಿ, ಮೇಲೆ ತಾರಸಿಯ ಅಂಚಿನಲ್ಲಿ ತಲೆಗಳು ಕಾಣುತ್ತಿದ್ದವು. ಸಲಿಕೆಯ ಸದ್ದು, ವೈಬ್ರೇಟರಿನ ಗುಂಯ್. ಲಾರೋಸಾ ಅವಳನ್ನು ಕಂಡು ಕೈಬೀಸಿ ಊಟಕ್ಕೆ ಇರಬೇಕೆಂದು ಕೂಗಿ ಹೇಳಿದ. ಇರುತ್ತೇನೆ ಎಂದಳು.

ಹತ್ತಾಯಿತು. ಹನ್ನೊಂದಾಯಿತು. ವಿಲ್ಮಾರ್ ಗೂಡಿನಲ್ಲೇ ಕೂತಿದ್ದ. ಗಾಜಿನೊಳಗೆ ಅವನ ಬೆನ್ನು ಕಾಣುತ್ತಿತ್ತು. ಅವನು ಬಾಯಿ ಬಿಡುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಹಾಗಾದರೆ ಇನ್ನೇನು ಮಾಡಬಹುದು ಎಂದು ಯೋಚಿಸಿದಳು. ಆ ಯೋಚನೆಗಳಲ್ಲಿ ಒಂದೂ ಹೇಳಿಕೊಳ್ಳುವಂಥದ್ದಲ್ಲ. ಆಗ ಮೂರನೆಯ ಲಾರಿ ಒಳಗೆ ತಿರುಗಿತು. ಕೆಂಡದ ಮೇಲೆ ಕೊಬ್ಬು ಚುರುಗುಟ್ಟಿ ವಾಸನೆ ಬೀದಿಗೆ ಬಂತು. ಮೇಲಿನಿಂದ ಯಾರೋ ಹಾಸ್ಯ ಮಾಡಿದರು, ಎಲ್ಲರೂ ನಕ್ಕರು. ಅಷ್ಟೂ ಜನ ಒಟ್ಟಿಗೆ ನಕ್ಕರು.

ವಿಲ್ಮಾರ್ ಗೂಡಿನಿಂದ ಹೊರಬಂದ. ಕೋಟು ಬಿಚ್ಚಿ ಬಾಗಿಲಿಗೆ ನೇತುಹಾಕಿದ. ಏಣಿ ಹತ್ತಿ ಮೇಲೆ ಹೋದ.

ಏನು ಹೇಳಿದ ಎಂಬುದು ಅವಳಿಗೆ ಕೇಳಿಸಲಿಲ್ಲ. ರುಪೆರ್ತೊ ಸಲಿಕೆಗೆ ಒರಗಿ ನಿಂತದ್ದು ಕಂಡಿತು. ವಿಲ್ಮಾರ್ ತನ್ನ ಅಂಗಿಯ ಎದೆಯನ್ನು ಕೈಯಿಂದ ಮುಟ್ಟಿ ತೋರಿಸುತ್ತಿದ್ದ. ಮಧ್ಯೆ ಒಮ್ಮೆ ಬಾಯಿ ತೆರೆದು ತೋರಿಸಿದ. ನೊಯೆಲಿಯಾ ಆಗ ಕಣ್ಣು ಕೆಳಗೆ ಹಾಕಿದಳು. ತಲೆಯೆತ್ತಿದಾಗ ವೈಬ್ರೇಟರ್ ನಿಂತಿತ್ತು.

ರುಪೆರ್ತೊ ಅಂಚಿಗೆ ಬಂದು ಬೀದಿಯಲ್ಲಿ ನಿಂತ ಅವಳನ್ನು ನೋಡಿದ. ಸಿಟ್ಟು ಮುಖದಲ್ಲಿತ್ತು.

"ಬೇರೆ ದಿನ ಸಿಗಲಿಲ್ವಾ ನಿನಗೆ?"

"ಸಿಗಲಿಲ್ಲ."

ಅವನು ಹಿಂದಿರುಗಿ ಅರ್ಧ ತುಂಬಿದ ತಾರಸಿಯನ್ನು ನೋಡಿದ. ನಲವತ್ತೈದು ವರ್ಷದಲ್ಲಿ ಅವನು ನಡುವೆ ಬಿಟ್ಟಿಳಿದ ಮೋಲ್ಡ್ ಒಂದೂ ಇರಲಿಲ್ಲ. ಕೆಳಗೆ ಬರುವ ಆಸ್ಪತ್ರೆ ಅವನದೇ ಬಡಾವಣೆಯದು. ಸೊಸೆ ಬಸುರಿ ಎಂದು ಅವಳಿಗೆ ಹೇಳಿದ್ದ. ತಂಡದವರು ಅವನ ಮುಖ ನೋಡುತ್ತ ನಿಂತಿದ್ದರು, ಲಾರಿಯ ಡ್ರಮ್ಮು ತಿರುಗುತ್ತಿತ್ತು. ಅವನು ಟೋಪಿ ತೆಗೆದ. ಸಲಿಕೆಯನ್ನು ಹಸಿ ಕಾಂಕ್ರೀಟಿಗೆ ಚುಚ್ಚಿ ನಿಲ್ಲಿಸಿದ, ಏಣಿ ಇಳಿದ. ಅವನ ಹಿಂದೆ ಒಬ್ಬೊಬ್ಬರಾಗಿ ಇಳಿದರು.

ಲಾರೋಸಾ ಮೊದಲು ನಕ್ಕ. ಮಾಂಸ ಇನ್ನೂ ಬೆಂದಿಲ್ಲ, ಇಷ್ಟು ಬೇಗ ಹಸಿವಾ ಎಂದ. ಆಮೇಲೆ ವಿಲ್ಮಾರನ ಮುಖ ಕಂಡಿತು. ಕೂಗಾಡಿದ. ಜೈಲುಕಳ್ಳನ ಮಾತು ಕಟ್ಟಿಕೊಂಡು ನನ್ನನ್ನು ಮುಳುಗಿಸುತ್ತೀರಾ ಎಂದ. ಎಲ್ಲರ ಟೋಪಿಗಳೂ ಕೈಯಲ್ಲಿದ್ದವು. ಕೊನೆಗೆ ರುಪೆರ್ತೊನ ತೋಳು ಹಿಡಿದ.

"ಎರಡೇ ಗಂಟೆ ಅಣ್ಣ. ಮೋಲ್ಡ್ ಮುಗಿಸಿ, ಆಮೇಲೆ ನೀವು ಯಾರಿಗೆ ಬೇಕಾದ್ರೂ ಅಳಿ. ಮೂರು ವರ್ಷ ಕಾದಿದ್ದ ಹೆಣ ಎರಡು ಗಂಟೆ ಕಾಯಲ್ವಾ?"

ರುಪೆರ್ತೊ ತೋಳು ಬಿಡಿಸಿಕೊಂಡ. ಬಕೆಟ್ ನೀರು ತೆಗೆದು ಕೆಂಡದ ಮೇಲೆ ಹೊಯ್ದ. ಸಾವಿನ ದಿನ ಬೆಂಕಿ ಇರುವುದಿಲ್ಲ. ಬೂದಿ ಎದ್ದು ಮಾಂಸದ ಮೇಲೆಲ್ಲ ಕೂತಿತು.

ಲಾರೋಸಾ ತಾನೇ ಮೇಲೆ ಹತ್ತಿದ. ಹೊಳೆಯುವ ಬೂಟಿನಲ್ಲಿ, ಮಡಿಕೆ ಮುರಿಯದ ಪ್ಯಾಂಟಿನಲ್ಲಿ. ಚುಚ್ಚಿದ್ದ ಸಲಿಕೆ ಕಿತ್ತು ಒಬ್ಬನೇ ಎಳೆಯತೊಡಗಿದ. ನೊಯೆಲಿಯಾ ನೋಡಿದಳು. ಅವನು ಎರಡು ಸಲ ಜಾರಿದ. ಒಂದು ಸಲ ಮೊಣಕಾಲೂರಿ ಬಿದ್ದು ಅಲ್ಲೇ ಸ್ವಲ್ಪ ಹೊತ್ತು ಇದ್ದ. ಕಾಂಕ್ರೀಟ್ ಯಾರಿಗೂ ಕಾಯುವುದಿಲ್ಲ. ಬಿಸಿಲೇರಿತು. ಲಾರಿಯವನು ಡ್ರಮ್ಮಿನಲ್ಲಿ ಗಟ್ಟಿಯಾಗುತ್ತದೆಂದು ಬೈದು ಉಳಿದದ್ದನ್ನು ರಸ್ತೆಬದಿಯ ಗುಂಡಿಗೆ ಸುರಿದು ಹೊರಟುಹೋದ. ಎರಡು ಗಂಟೆಯ ಹೊತ್ತಿಗೆ ನೊಯೆಲಿಯಾ ಏಣಿ ಹತ್ತಿದಳು. ಬಗ್ಗಿ, ಅರ್ಧಕ್ಕೆ ನಿಂತ ಅಂಚನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ಇಳಿಯಲಿಲ್ಲ. ಲಾರೋಸಾ ಸಲಿಕೆ ಹಿಡಿದು ಉಸಿರಾಡುತ್ತ ನಿಂತಿದ್ದ. ನೀನ್ಯಾರು ಎಂದು ಕೇಳಿದ. ಹೇಳಿದಳು.

ಕೆಳಗೆ ವಿಲ್ಮಾರ್ ಒದ್ದೆ ಬೂದಿಯ ಪಕ್ಕದಲ್ಲಿ ನಿಂತಿದ್ದ. ಈಗ ಕೂರಬಹುದಾ ಎಂದು ರುಪೆರ್ತೊನನ್ನು ಕೇಳುತ್ತಿದ್ದ. ಇವತ್ತು ಯಾರೂ ಕೂರುವುದಿಲ್ಲ ಎಂದ ಮುದುಕ. ಆಮೇಲೆ, ನಡಿ, ಒಬ್ಬನೇ ಹೋಗಬೇಡ, ಎಂದು ಅವನನ್ನು ಸರ್ಕಾರಿ ವಕೀಲರ ಕಚೇರಿಗೆ ಕರೆದುಕೊಂಡು ಹೊರಟ. ವಿಲ್ಮಾರ್ ಹೋಗುವ ಮುಂಚೆ ನೊಯೆಲಿಯಾ ಇಳಿದು ಬರಲೆಂದು ನಿಂತ. ಅವಳು ಇಳಿಯಲಿಲ್ಲ.

ಸಂಘ ಮಾರನೆಯ ದಿನಕ್ಕೆ ಕರೆ ಕೊಟ್ಟಿತು. ಕಾಗದದಲ್ಲಿ ಲೀಬೆರನ ಪೂರ್ತಿ ಹೆಸರಿತ್ತು, ವಯಸ್ಸಿತ್ತು. ವೃತ್ತಿ: ಗಾರೆ ಕೆಲಸ.

ಅವಳು ಬೆಳಿಗ್ಗೆ ಬೇಕೆಂದೇ ಸುತ್ತುಬಳಸಿನ ಬಸ್ಸು ಹಿಡಿದಳು. ಸಮುದ್ರದಂಡೆಯ ಎತ್ತರದ ಕಟ್ಟಡಗಳ ಮೇಲೆ ಕ್ರೇನುಗಳು ಕೈಚಾಚಿ ನಿಂತಿದ್ದವು. ಒಂದೂ ಅಲುಗಲಿಲ್ಲ. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ತನ್ನ ಅಡುಗೆಮನೆಗೆ ಟೈಲ್ಸ್ ಹಾಕುವವನು ಬರಲಿಲ್ಲ ಎಂದಳು ಒಬ್ಬಳು. ಯಾವನೋ ಮೂರು ವರ್ಷದ ಹಿಂದೆ ಸತ್ತವನಿಗೆ ಇವತ್ತು ರಜವಂತೆ.

"ಗಾರೆಯವರಿಗೆ ನೆಪ ಒಂದು ಸಿಕ್ಕರೆ ಸಾಕು ಬಿಡಿ," ಎಂದಳು ಇನ್ನೊಬ್ಬಳು.

ನೊಯೆಲಿಯಾ ಕಿಟಕಿಯಿಂದ ಆಚೆ ನೋಡುತ್ತಿದ್ದಳು. ಕಣ್ಣು ಒದ್ದೆಯಾಗಬಹುದು ಎಂದು ಕಾದಳು. ಆಗಲಿಲ್ಲ. ಸಂತೋಷ ಮಾತ್ರ ಇತ್ತು. ಗಟ್ಟಿಯಾದ, ತಣ್ಣನೆಯ ಸಂತೋಷ. ಅದನ್ನು ಕಂಡು ಅವಳು ಹೆದರಲಿಲ್ಲ.

ಕಚೇರಿಯಲ್ಲಿ ಪಟ್ಟಿಯ ಆ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಸೆರ್ರೊದ ಕೆಲಸಕ್ಕೆ ಬೀಗ ಬಿದ್ದಿತ್ತು. ಹಿರಿಯವನು ಎದ್ದು, ಅವರಲ್ಲಿ ಸಾವಾದ ಮನೆಯವರಿಗೆ ಮಾಡುವಂತೆ ಅವಳ ಕೈಯನ್ನು ಎರಡು ಕೈಯಲ್ಲಿ ಹಿಡಿದ. ಮೂರು ವರ್ಷದಲ್ಲಿ ಗಾರೆಯವನೊಬ್ಬ ಹಾಗೆ ಹಿಡಿದದ್ದು ಅದೇ ಮೊದಲು. ಆಮೇಲೆ ಕೈ ಬಿಟ್ಟು ಕೇಳಿದ.

"ಎಲ್ಲ ನೀವೇ ಮಾಡಿದ್ದಂತೆ?"

"ಹೌದು."

"ನಮ್ಮ ಕೆಲಸಾನೂ ಹೋಯ್ತು."

"ಹೌದು," ಎಂದಳು. ಮುಂದಿನ ವಾರದ ಚೀಟಿಗೆ ಇಬ್ಬರ ಹೆಸರನ್ನೂ ಬರೆದುಕೊಂಡಳು. ಈ ಸಲ ಚೀಟಿಯನ್ನು ಬೇರೆಯವರು ಎತ್ತುತ್ತಾರೆ ಎಂದೂ ಹೇಳಿದಳು.

ವಿಲ್ಮಾರ್ ರಾತ್ರಿಯೇ ಹೇಳಿಕೆ ಕೊಟ್ಟಿದ್ದ. ಅವನನ್ನು ಇರಿಸಿಕೊಂಡಿದ್ದರು. ಲಾರೋಸಾನನ್ನು ಬೆಳಗಿನ ಜಾವ ಮನೆಯಿಂದ ಕರೆದೊಯ್ದರು. ಒಳಗೆ ಹೋಗುವ ಮುಂಚೆ ವಿಲ್ಮಾರ್ ರುಪೆರ್ತೊನ ಮೂಲಕ ಈ ಹಿರಿಯವನಿಗೆ ಒಂದು ಮಾತು ಕೇಳಿಕೊಂಡು ಬಾ ಎಂದು ಹೇಳಿಕಳಿಸಿದ್ದನಂತೆ. ಆ ಸೆನ್ಯೋರಾ ಕ್ಷಮಿಸಿದರಾ ಎಂದು.

"ಇಲ್ಲ ಅಂತ ಹೇಳಿ," ಎಂದಳು ನೊಯೆಲಿಯಾ.

ಚೀಟಿಯ ವಿಷಯ ಮಧ್ಯಾಹ್ನವೇ ಮೇಲಿನವರಿಗೆ ತಿಳಿಯಿತು. ಮೇಲಧಿಕಾರಿ ಒಳ್ಳೆಯ ಹೆಂಗಸು. ಬಾಗಿಲು ಹಾಕಿ ಬಹಳ ಹೊತ್ತು ಬೈದಳು. ಆಮೇಲೆ ದನಿ ತಗ್ಗಿಸಿ, ನಿನ್ನ ದುಃಖ ನನಗೆ ಅರ್ಥವಾಗುತ್ತದೆ, ದಾಖಲೆ ಕೋಣೆಗೆ ಹಾಕಿಸುತ್ತೇನೆ, ಅಲ್ಲಿ ಜನ ಬರುವುದಿಲ್ಲ, ನೆಮ್ಮದಿಯಾಗಿರಬಹುದು, ಎಂದಳು.

ನೊಯೆಲಿಯಾ ಬೇಡ ಎಂದಳು. ಏನು ಶಿಕ್ಷೆ ಕೊಟ್ಟರೂ ತೆಗೆದುಕೊಳ್ಳುತ್ತೇನೆ, ಸಂಬಳ ಹಿಡಿಯಿರಿ, ಚೀಟಿ ಎತ್ತುವುದನ್ನು ಬೇರೆಯವರಿಗೆ ವಹಿಸಿ, ಆದರೆ ಈ ಮೇಜು ನನಗೇ ಇರಲಿ ಎಂದು ಕೇಳಿಕೊಂಡಳು. ಇಷ್ಟಾದ ಮೇಲೂ ಈ ಕೆಲಸದ ಮೇಲೆ ಇಷ್ಟು ಪ್ರೀತಿಯೇ ಎಂದು ಮೇಲಧಿಕಾರಿ ಬೆರಗಾದಳು.

ನೊಯೆಲಿಯಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಸಿದ್ರೊ ಲಾರೋಸಾನಿಗೆ ಐವತ್ತೆಂಟು. ವಕೀಲರು ಎಷ್ಟೇ ಗುದ್ದಾಡಿದರೂ ಆರೇಳು ವರ್ಷ ಒಳಗಿರುತ್ತಾನೆ. ಹೊರಬಂದ ಮೇಲೆ ಅವನಿಗೂ ಎಲ್ಲಾದರೊಂದು ಕೆಲಸ ಬೇಕಾಗುತ್ತದೆ.